ಎಂಜಿನ್ ಲೈಟ್ ಹೊತ್ತಿದಾಗ: ವಾಹನದ ಹೊಗೆ ನಿಯಂತ್ರಣ ವ್ಯವಸ್ಥೆಯ ದೋಷ ಹುಡುಕುವ ಕ್ರಮ

ಕಳೆದ ಮಳೆಗಾಲದಲ್ಲಿ ಹಾಸನದ ನಮ್ಮ ಗ್ಯಾರೇಜಿಗೆ ಒಂದು ಪೆಟ್ರೋಲ್ ಕಾರು ಬಂದಿತ್ತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಎಂಜಿನ್ ಲೈಟ್ ಹೊತ್ತಿಕೊಂಡಿತ್ತು. ಬೇರೊಂದು ಕಡೆ ಸ್ಕ್ಯಾನ್ ಮಾಡಿಸಿ ಬಂದಿದ್ದ ಮಾಲೀಕರ ಕೈಯಲ್ಲಿ ಪಿ0420 ಎಂಬ ದೋಷದ ಕೋಡ್ ಬರೆದ ಚೀಟಿಯೂ, ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಲು ತಗಲುವ ವೆಚ್ಚದ ಅಂದಾಜುಪಟ್ಟಿಯೂ ಇದ್ದವು. ಕಾರನ್ನು ಲಿಫ್ಟ್ ಮೇಲೆ ಏರಿಸಿ ನೋಡಿದಾಗ, ಕನ್ವರ್ಟರಿಗೂ ಅದರ ಹಿಂದಿನ ಆಕ್ಸಿಜನ್ ಸೆನ್ಸರಿಗೂ ನಡುವೆ ಇದ್ದ ಜಾಯಿಂಟಿನಲ್ಲಿ ಕಪ್ಪು ಮಸಿ ಬೀಸಣಿಗೆಯ ಆಕಾರದಲ್ಲಿ ಹರಡಿತ್ತು. ಒಳಗಿನ ಪ್ಯಾಕಿಂಗ್ ಸುಟ್ಟುಹೋಗಿ, ಆ ಸಂದಿಯಿಂದ ಹೊರಗಿನ ಗಾಳಿ ಪೈಪಿನೊಳಕ್ಕೆ ಸೇರುತ್ತಿತ್ತು. ಹಿಂದಿನ ಸೆನ್ಸರ್ ಆ ಗಾಳಿಯ ಆಮ್ಲಜನಕವನ್ನು ಅಳೆದು ಕಳುಹಿಸುತ್ತಿದ್ದ ಲೆಕ್ಕದಿಂದ, ಕನ್ವರ್ಟರ್ ಕೆಲಸ ಮಾಡುತ್ತಿಲ್ಲ ಎಂದು ಎಂಜಿನ್ನಿನ ಕಂಪ್ಯೂಟರ್ ತೀರ್ಮಾನಿಸುತ್ತಿತ್ತು. ಪ್ಯಾಕಿಂಗ್ ಬದಲಿಸಿ ಎರಡು ಬೋಲ್ಟ್ ಬಿಗಿದ ಮೇಲೆ ಆ ಲೈಟ್ ಮತ್ತೆ ಹೊತ್ತಲಿಲ್ಲ.

ಸ್ಕ್ಯಾನರಿನಲ್ಲಿ ಬರುವ ಕೋಡ್ ಯಾವ ಅಳತೆ ತಪ್ಪಿದೆ ಎಂದಷ್ಟೇ ಹೇಳುತ್ತದೆ. ಆ ಅಳತೆ ಏಕೆ ತಪ್ಪಿತು ಎಂಬುದನ್ನು ನಾವೇ ಹುಡುಕಬೇಕು. ಕೋಡಿನ ಹೆಸರಿನಲ್ಲಿರುವ ಬಿಡಿಭಾಗವನ್ನೇ ಬದಲಿಸುವ ರೂಢಿಯಿಂದ ಜನರ ದುಡ್ಡು ಎಷ್ಟು ವ್ಯರ್ಥವಾಗುತ್ತಿದೆ ಎಂಬುದನ್ನು ದಿನವೂ ನೋಡುವ ನನಗೆ, ಈ ಹುಡುಕಾಟದ ಕ್ರಮವನ್ನು ವಾಹನ ಮಾಲೀಕರಿಗೂ ಹೊಸದಾಗಿ ಕೆಲಸ ಕಲಿಯುತ್ತಿರುವ ಮೆಕ್ಯಾನಿಕ್‌ಗಳಿಗೂ ತಿಳಿಯುವಂತೆ ಬರೆದಿಡಬೇಕೆನಿಸಿತು.

ವ್ಯವಸ್ಥೆಯಲ್ಲಿ ಏನೇನಿದೆ

ವಾಹನದ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್, ಅಂದರೆ ಬಿಎಸ್ ನಿಯಮಗಳಲ್ಲಿ, ನಮ್ಮ ದೇಶದಲ್ಲಿ 2017ರ ಏಪ್ರಿಲ್ 1ರಿಂದ ಬಿಎಸ್4, 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಎಲ್ಲೆಡೆ ಜಾರಿಗೆ ಬಂದವು. 2023ರ ಏಪ್ರಿಲ್‌ನಲ್ಲಿ ಬಂದ ಬಿಎಸ್6ರ ಎರಡನೇ ಹಂತವು, ಪ್ರಯೋಗಾಲಯದ ಜೊತೆಗೆ ನಿಜವಾದ ರಸ್ತೆಯ ಮೇಲೆ ಓಡುವಾಗಲೂ ಹೊಗೆ ಮಿತಿಯೊಳಗೆ ಇರಬೇಕೆಂದು ವಿಧಿಸಿತು. ಹೀಗಾಗಿ ಇಂದಿನ ಕಾರಿನ ಕಂಪ್ಯೂಟರ್ ತನ್ನ ಹೊಗೆಯನ್ನು ತಾನೇ ಕಾಯುತ್ತಿರುತ್ತದೆ.

ಪೆಟ್ರೋಲ್ ಕಾರಿನಲ್ಲಿ ಈ ಕೆಲಸದ ನಡುಮನೆ ಕ್ಯಾಟಲಿಟಿಕ್ ಕನ್ವರ್ಟರ್. ಜೇನುಗೂಡಿನಂತಹ ಅದರ ಒಳಮೈಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ದುಬಾರಿ ಲೋಹಗಳನ್ನು ಲೇಪಿಸಿರುತ್ತಾರೆ. ವಿಷಕಾರಿಯಾದ ಕಾರ್ಬನ್ ಮಾನಾಕ್ಸೈಡ್, ಸುಡದೆ ಉಳಿದ ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ಅಲ್ಲಿ ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಸಾರಜನಕವಾಗಿ ಮಾರ್ಪಡುತ್ತವೆ. ಇದು ನಡೆಯಲು ಎರಡು ಷರತ್ತುಗಳಿವೆ. ಕನ್ವರ್ಟರ್ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಿರಬೇಕು. ಗಾಳಿ ಮತ್ತು ಪೆಟ್ರೋಲಿನ ಹದ ಸರಿಯಾಗಿರಬೇಕು. ಶುದ್ಧ ಪೆಟ್ರೋಲಿಗೆ ಆ ಹದ ತೂಕದಲ್ಲಿ 14.7 ಪಾಲು ಗಾಳಿಗೆ ಒಂದು ಪಾಲು ಇಂಧನ. ಹದವನ್ನು ಕಾಯಲು ಕನ್ವರ್ಟರಿನ ಮುಂದೆ ಒಂದು ಆಕ್ಸಿಜನ್ ಸೆನ್ಸರ್, ಕನ್ವರ್ಟರಿನ ಕೆಲಸವನ್ನು ಪರೀಕ್ಷಿಸಲು ಹಿಂದೆ ಇನ್ನೊಂದು ಇರುತ್ತದೆ. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಹಿಡಿದಿಡುವ ಇದ್ದಿಲ ಡಬ್ಬಿ, ಅಂದರೆ ಕ್ಯಾನಿಸ್ಟರ್, ಮತ್ತು ಸುಟ್ಟ ಅನಿಲದ ಒಂದಂಶವನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವ್ ಇದೇ ಕುಟುಂಬಕ್ಕೆ ಸೇರಿದವು. ಡೀಸೆಲ್ ವಾಹನಗಳ ಮಾತನ್ನು ಮುಂದೆ ಪ್ರತ್ಯೇಕವಾಗಿ ಹೇಳುತ್ತೇನೆ.

ಮೊದಲನೆಯ ಹಂತ: ಲೈಟ್ ಹೇಗೆ ಹೊತ್ತಿದೆ ಎಂಬುದನ್ನು ಗಮನಿಸುವುದು

ಎಂಜಿನ್ ಲೈಟ್ ಒಂದೇ ಸಮನೆ ಹೊತ್ತಿದ್ದು, ಗಾಡಿ ಎಂದಿನಂತೆ ಓಡುತ್ತಿದ್ದರೆ ಅವಸರವಿಲ್ಲ. ಒಂದೆರಡು ದಿನದಲ್ಲಿ ನೋಡಿಸಿದರೆ ಸಾಕು. ಅದು ಮಿಣಿಮಿಣಿ ಮಿನುಗುತ್ತಿದ್ದರೆ ಮಾತ್ರ ಎಚ್ಚರ ಬೇಕು. ಯಾವುದೋ ಸಿಲಿಂಡರಿನಲ್ಲಿ ಇಂಧನ ಸುಡದೆ ಹಾಗೆಯೇ ಹೊರಹೋಗುತ್ತಿದೆ, ಗ್ಯಾರೇಜಿನ ಮಾತಿನಲ್ಲಿ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ ಎಂದು ಅದರ ಅರ್ಥ. ಹೀಗೆ ಹೊರಬಂದ ಇಂಧನ ಕನ್ವರ್ಟರಿನೊಳಗೆ ಹೊತ್ತಿಕೊಂಡು ಅದರ ಜೇನುಗೂಡನ್ನೇ ಕರಗಿಸಬಲ್ಲದು. ಆಕ್ಸಿಲರೇಟರ್ ಮೇಲಿನ ಕಾಲನ್ನು ಸಡಿಲಿಸಿ, ನಿಧಾನವಾಗಿ ಹತ್ತಿರದ ಗ್ಯಾರೇಜಿಗೆ ಹೋಗಬೇಕು; ಮಿನುಗು ನಿಲ್ಲದಿದ್ದರೆ ಗಾಡಿಯನ್ನು ನಿಲ್ಲಿಸಿಬಿಡಬೇಕು. ಶಿರಾಡಿ ಘಾಟಿಯ ಏರಿನಲ್ಲಿ ಮಿನುಗುವ ಲೈಟನ್ನು ಲೆಕ್ಕಿಸದೆ ಗಾಡಿ ಹತ್ತಿಸಿಕೊಂಡು ಬಂದವರಿಗೆ, ನೂರಾರು ರೂಪಾಯಿಯ ಪ್ಲಗ್‌ನಲ್ಲಿ ಮುಗಿಯಬೇಕಿದ್ದ ಕೆಲಸ ಹತ್ತಾರು ಸಾವಿರಕ್ಕೆ ಬೆಳೆದದ್ದನ್ನು ಕಂಡಿದ್ದೇನೆ.

ಲೈಟ್ ಹೊತ್ತುವ ಮುನ್ನ ಏನು ನಡೆದಿತ್ತು ಎಂಬುದನ್ನು ನೆನಪಿಸಿಕೊಳ್ಳುವುದೂ ಇದೇ ಹಂತದ ಕೆಲಸ. ಹಿಂದಿನ ದಿನ ವಾಟರ್ ಸರ್ವೀಸ್ ಆಗಿತ್ತೇ, ಹೊಸ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದ್ದರೇ, ಬ್ಯಾಟರಿ ಬದಲಿಸಿದ್ದರೇ, ಗಾಡಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಂತಿತ್ತೇ? ಮಾಲೀಕರು ಕೊಡುವ ಉತ್ತರದಲ್ಲಿಯೇ ಅರ್ಧ ಹುಡುಕಾಟ ಮುಗಿದುಹೋಗುವ ದಿನಗಳುಂಟು.

ಎರಡನೆಯ ಹಂತ: ಕೋಡ್ ಓದುವುದು, ಬರೆದಿಡುವುದು, ಅಳಿಸದಿರುವುದು

ಸ್ಟೀರಿಂಗ್ ಕೆಳಗೆ, ಚಾಲಕನ ಮೊಣಕಾಲಿನ ಆಸುಪಾಸಿನಲ್ಲಿ ಕಂಪ್ಯೂಟರಿನ ದೋಷದ ಕೋಡ್ ಓದಲು ಹದಿನಾರು ಪಿನ್‌ಗಳ ಒಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಗ್ಯಾರೇಜಿನ ಸ್ಕ್ಯಾನರನ್ನಾಗಲಿ, ಮೊಬೈಲಿಗೆ ಬ್ಲೂಟೂತ್ ಮೂಲಕ ಕೂಡುವ ಚಿಕ್ಕ ಅಡಾಪ್ಟರನ್ನಾಗಲಿ ಜೋಡಿಸಬಹುದು. ಇಲ್ಲಿ ಹೇಳುವ ಬಹುಪಾಲು ಪರೀಕ್ಷೆಗಳಿಗೆ ಅಡಾಪ್ಟರೇ ಸಾಕಾಗುತ್ತದೆ. ಪಿ ಅಕ್ಷರದ ನಂತರ ಸೊನ್ನೆ ಇದ್ದರೆ ಆ ಕೋಡ್ ಎಲ್ಲ ಕಂಪನಿಗಳಿಗೂ ಸಾಮಾನ್ಯವಾದದ್ದು. ಒಂದು ಇದ್ದರೆ ಆಯಾ ಕಂಪನಿ ತಾನೇ ಗೊತ್ತುಪಡಿಸಿದ್ದು, ಅದನ್ನು ಆ ಕಂಪನಿಯ ಕೈಪಿಡಿ ನೋಡಿಯೇ ಅರ್ಥಮಾಡಿಕೊಳ್ಳಬೇಕು.

ಕೋಡ್ ಕಂಡ ಕೂಡಲೇ ಅಳಿಸುವುದು ದೊಡ್ಡ ತಪ್ಪು. ಕೋಡ್ ದಾಖಲಾದ ಕ್ಷಣದಲ್ಲಿ ಎಂಜಿನ್ನಿನ ವೇಗ, ಉಷ್ಣತೆ, ಹೊರೆ, ಗಾಡಿಯ ವೇಗ ಎಷ್ಟಿದ್ದವು ಎಂಬ ವಿವರವನ್ನು ಕಂಪ್ಯೂಟರ್ ಫ್ರೀಜ್ ಫ್ರೇಮ್ ಎಂಬ ಹೆಸರಿನಲ್ಲಿ ಉಳಿಸಿಕೊಂಡಿರುತ್ತದೆ. ಕೋಡ್ ಅಳಿಸಿದರೆ ಅದೂ ಅಳಿದುಹೋಗುತ್ತದೆ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದ ಒಂದು ನಿಮಿಷದೊಳಗೆ ದಾಖಲಾದ ದೋಷಕ್ಕೂ, ಹೆದ್ದಾರಿಯಲ್ಲಿ 90 ಕಿಲೋಮೀಟರ್ ವೇಗದಲ್ಲಿ ದಾಖಲಾದ ದೋಷಕ್ಕೂ ಕಾರಣ ಬೇರೆಯೇ ಇರುತ್ತದೆ. ಆದ್ದರಿಂದ ಎಲ್ಲ ಕೋಡ್‌ಗಳನ್ನೂ, ಇನ್ನೂ ಲೈಟ್ ಹೊತ್ತಿಸದೆ ಬಾಕಿ ಉಳಿದಿರುವ ಪೆಂಡಿಂಗ್ ಕೋಡ್‌ಗಳನ್ನೂ, ಫ್ರೀಜ್ ಫ್ರೇಮಿನ ಅಂಕಿಗಳನ್ನೂ ಕಾಗದದ ಮೇಲೆ ಬರೆದುಕೊಳ್ಳಬೇಕು, ಇಲ್ಲವೇ ಪರದೆಯ ಫೋಟೊ ತೆಗೆದುಕೊಳ್ಳಬೇಕು.

ಮೂರನೆಯ ಹಂತ: ಕಣ್ಣು, ಕಿವಿ, ಮೂಗು

ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ, ಒಳ್ಳೆಯ ಟಾರ್ಚ್ ಹಿಡಿದು ಹತ್ತು ನಿಮಿಷ ನೋಡಬೇಕು. ನಮ್ಮ ಕಡೆ ಈ ಹಂತದಲ್ಲೇ ಸಿಕ್ಕಿಬೀಳುವ ಅಪರಾಧಿ ಇಲಿ. ಅಡಿಕೆ ತೋಟದ ಮನೆಯ ಕೊಟ್ಟಿಗೆಯ ಪಕ್ಕ ನಿಲ್ಲಿಸುವ ಕಾರುಗಳಲ್ಲಿ, ಮಳೆ ಹಿಡಿದ ಮೇಲೆ ಬೆಚ್ಚಗಿನ ಎಂಜಿನ್ ಮೇಲೆ ಇಲಿ ಬಂದು ಕೂರುತ್ತದೆ. ಬ್ಯಾಟರಿಯ ಹಿಂದಿನ ಮೂಲೆಯಲ್ಲಿ ಸಿಪ್ಪೆಯ ಚೂರು, ಹಿಕ್ಕೆ, ತೆಂಗಿನ ನಾರು ಕಂಡರೆ ಅಲ್ಲಿಂದ ಹೊರಟ ಪ್ರತಿಯೊಂದು ವೈರಿಂಗ್ ಕಟ್ಟನ್ನೂ ಬೆರಳಿನಿಂದ ಸವರುತ್ತ ಹೋಗಬೇಕು. ಮೇಲಿನ ಕಪ್ಪು ಟೇಪು ಚೆನ್ನಾಗಿಯೇ ಕಂಡು, ಅಡಿಭಾಗದಲ್ಲಿ ಒಂದೇ ಒಂದು ತಂತಿ ಕತ್ತರಿಸಿರುವುದುಂಟು. ಆಕ್ಸಿಜನ್ ಸೆನ್ಸರಿನ ತಂತಿಯನ್ನು ಇಲಿ ಕಡಿದರೆ ಸ್ಕ್ಯಾನರ್ ಸೆನ್ಸರಿನ ಹೆಸರನ್ನೇ ಹೇಳುತ್ತದೆ. ಹೊಸ ಸೆನ್ಸರ್ ಹಾಕಿದರೂ ಲೈಟ್ ಆರುವುದಿಲ್ಲ.

ರಬ್ಬರ್ ಹೋಸುಗಳು ಬಿರುಕು ಬಿಟ್ಟಿವೆಯೇ, ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ಪುಗಳು ಸರಿಯಾಗಿ ಕೂತಿವೆಯೇ, ಆಯಿಲ್ ಗೇಜ್ ಕಡ್ಡಿ ಪೂರ್ತಿ ಒಳಗೆ ಹೋಗಿದೆಯೇ ಎಂದು ನೋಡಬೇಕು. ಅನಂತರ ಎಂಜಿನ್ ಚಾಲೂ ಮಾಡಿ ಕಿವಿಗೊಡಬೇಕು. ಸೈಲೆನ್ಸರ್ ಸಾಲಿನಲ್ಲಿ ತಣ್ಣಗಿರುವಾಗ ಟಿಕ್ ಟಿಕ್ ಎಂದು ಕೇಳಿ, ಕಾದ ಮೇಲೆ ಕಡಿಮೆಯಾಗುವ ಸದ್ದು ಎಕ್ಸಾಸ್ಟ್ ಸೋರಿಕೆಯದ್ದು. ಎಂಜಿನ್ ಮೇಲಿನಿಂದ ಬರುವ ಸಿಳ್ಳೆಯಂತಹ ಸದ್ದು ಗಾಳಿ ಸೋರಿಕೆಯದ್ದಾಗಿರುವ ಸಂಭವ ಹೆಚ್ಚು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುತ್ತ ಈ ಪರೀಕ್ಷೆಗಳನ್ನು ಯಾವ ಕಾರಣಕ್ಕೂ ಮಾಡಬಾರದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ತಲೆ ಸುತ್ತುವ ಹೊತ್ತಿಗೆ ತಡವಾಗಿರುತ್ತದೆ.

ನಾಲ್ಕನೆಯ ಹಂತ: ಮಿಸ್ಸಿಂಗ್ ಇದ್ದರೆ ಅದನ್ನು ಮೊದಲು ಬಿಡಿಸುವುದು

ಹಲವು ಕೋಡ್‌ಗಳು ಒಟ್ಟಿಗೆ ಬಂದಿದ್ದು, ಅವುಗಳಲ್ಲಿ ಮಿಸ್ಸಿಂಗ್ ಸೂಚಿಸುವ ಪಿ0300ರಿಂದ ಪಿ0304ರವರೆಗಿನ ಯಾವುದಾದರೂ ಇದ್ದರೆ ಉಳಿದವನ್ನು ಬದಿಗಿಡಬೇಕು. ಸಿಲಿಂಡರಿನಲ್ಲಿ ಪೆಟ್ರೋಲ್ ಸುಡದಿದ್ದಾಗ ಅಲ್ಲಿನ ಆಮ್ಲಜನಕವೂ ಬಳಕೆಯಾಗದೆ ಹೊರಬರುತ್ತದೆ. ಅದನ್ನು ಕಂಡ ಮುಂದಿನ ಸೆನ್ಸರ್ ಗಾಳಿ ಹೆಚ್ಚಾಗಿದೆ ಎಂದು ವರದಿ ಮಾಡುತ್ತದೆ, ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ, ಕನ್ವರ್ಟರ್ ಮತ್ತಷ್ಟು ಕಾಯುತ್ತದೆ. ಒಂದು ಮಿಸ್ಸಿಂಗ್ ದೋಷ ಮೂರು ಕೋಡ್‌ಗಳಾಗಿ ಕಾಣಿಸಿಕೊಳ್ಳುವುದು ಹೀಗೆ.

ಪಿ0302 ಎಂದರೆ ಎರಡನೆಯ ಸಿಲಿಂಡರ್. ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಅದರ ಇಗ್ನಿಷನ್ ಕಾಯಿಲನ್ನು ಮೂರನೆಯದರ ಜಾಗಕ್ಕೂ, ಮೂರನೆಯದನ್ನು ಎರಡನೆಯದರ ಜಾಗಕ್ಕೂ ಅದಲುಬದಲು ಮಾಡಿ ಸ್ವಲ್ಪ ದೂರ ಓಡಿಸಿ ಬರಬೇಕು. ಕೋಡ್ ಪಿ0303ಕ್ಕೆ ಬದಲಾದರೆ ದೋಷ ಕಾಯಿಲಿನಲ್ಲಿದೆ. ಬದಲಾಗದಿದ್ದರೆ ಪ್ಲಗ್, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ಎಂಬ ಕ್ರಮದಲ್ಲಿ ಸಾಗಬೇಕು. ಖರ್ಚಿಲ್ಲದ ಈ ಪರೀಕ್ಷೆಯನ್ನು ಬಿಟ್ಟು ನಾಲ್ಕೂ ಕಾಯಿಲ್ ಬದಲಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ವಾಟರ್ ಸರ್ವೀಸ್ ಆದ ಮರುದಿನ ಮಿಸ್ಸಿಂಗ್ ಶುರುವಾಗಿದ್ದರೆ ಕಾಯಿಲ್ ಕಿತ್ತು ಪ್ಲಗ್ ಕೂರುವ ಕುಳಿಯೊಳಗೆ ಟಾರ್ಚ್ ಬಿಡಿ. ಒಂದು ಚಮಚದಷ್ಟು ನೀರು ಪ್ಲಗ್ಗಿನ ಸುತ್ತ ನಿಂತಿರುವುದು ಎಷ್ಟೋ ಸಲ ಕಾಣುತ್ತದೆ. ಪಿಂಗಾಣಿಯ ಮೇಲೆ ಪೆನ್ಸಿಲಿನಲ್ಲಿ ಎಳೆದಂತಹ ಕಪ್ಪು ಗೆರೆಯಿದ್ದರೆ ಕಿಡಿ ಆ ದಾರಿಯಲ್ಲಿ ಸೋರಿಹೋಗಿದೆ ಎಂದು ತಿಳಿಯಬೇಕು. ನೀರನ್ನು ಗಾಳಿಯಿಂದ ಊದಿ ಒಣಗಿಸಿ, ಗೆರೆ ಬಿದ್ದ ಪ್ಲಗ್ಗನ್ನು ಬದಲಿಸಬೇಕು. ಕಾಯಿಲಿನ ರಬ್ಬರ್ ಬೂಟಿನ ಒಳಗೂ ಅಂಥದೇ ಗೆರೆ ಇದ್ದರೆ ಅದನ್ನೂ ಬದಲಿಸಬೇಕು.

ಐದನೆಯ ಹಂತ: ಫ್ಯೂಯಲ್ ಟ್ರಿಮ್ ಓದಲು ಕಲಿಯುವುದು

ಇಡೀ ಹುಡುಕಾಟದಲ್ಲಿ ಅತಿ ಹೆಚ್ಚು ಹೇಳುವ ಅಂಕಿ ಯಾವುದೆಂದು ಕೇಳಿದರೆ ಫ್ಯೂಯಲ್ ಟ್ರಿಮ್ ಎಂಬುದೇ ನನ್ನ ಉತ್ತರ. ಅಡುಗೆ ಮಾಡುವವರು ಸಾರಿನ ರುಚಿ ನೋಡಿ ಚಿಟಿಕೆ ಉಪ್ಪು ಸೇರಿಸುವಂತೆ, ಕಂಪ್ಯೂಟರ್ ಮುಂದಿನ ಸೆನ್ಸರಿನ ಮಾತು ಕೇಳಿ ಕ್ಷಣಕ್ಷಣಕ್ಕೂ ಪೆಟ್ರೋಲಿನ ಪ್ರಮಾಣವನ್ನು ತಿದ್ದುತ್ತಿರುತ್ತದೆ. ಇದು ಶಾರ್ಟ್ ಟರ್ಮ್ ಟ್ರಿಮ್. ದಿನವೂ ಉಪ್ಪು ಕಡಿಮೆಯಾಗುತ್ತಿದೆ ಎಂದು ಕಂಡ ಮೇಲೆ ಮೊದಲೇ ಒಂದು ಚಮಚ ಜಾಸ್ತಿ ಹಾಕುವ ರೂಢಿ ಬರುವಂತೆ, ತಿದ್ದುಪಡಿ ಖಾಯಂ ಆದಾಗ ಅದು ಲಾಂಗ್ ಟರ್ಮ್ ಟ್ರಿಮ್ ಆಗುತ್ತದೆ. ಎರಡನ್ನೂ ಕೂಡಿಸಿದ ಮೊತ್ತ ಶೇಕಡಾ 10ರ ಒಳಗೆ, ಅತ್ತ ಅಥವಾ ಇತ್ತ, ಇದ್ದರೆ ಚಿಂತೆಯಿಲ್ಲ. ಅದಕ್ಕಿಂತ ಬಹಳ ಹೆಚ್ಚು ಧನ ಸಂಖ್ಯೆ ಬಂದರೆ ಗಾಳಿ ಜಾಸ್ತಿ ಅಥವಾ ಪೆಟ್ರೋಲ್ ಕಡಿಮೆ, ಪಿ0171 ಕಾಣಿಸಿಕೊಳ್ಳುತ್ತದೆ. ಋಣ ಸಂಖ್ಯೆ ಬಂದರೆ ಪೆಟ್ರೋಲ್ ಜಾಸ್ತಿ, ಪಿ0172.

ಈ ಅಂಕಿಯನ್ನು ಮೂರು ಸ್ಥಿತಿಗಳಲ್ಲಿ ಓದಬೇಕು: ಎಂಜಿನ್ ಪೂರ್ತಿ ಕಾದ ಮೇಲೆ ಐಡ್ಲಿಂಗಿನಲ್ಲಿ, ನಿಂತಲ್ಲೇ 2,500 ಆರ್‌ಪಿಎಂಗೆ ರೇಸ್ ಮಾಡಿ, ಮತ್ತು ರಸ್ತೆಯಲ್ಲಿ ಏರು ಹತ್ತುವಾಗ. ಐಡ್ಲಿಂಗಿನಲ್ಲಿ 20ರ ಆಸುಪಾಸು ಇದ್ದು, ರೇಸ್ ಮಾಡಿದಾಗ 5ಕ್ಕೆ ಇಳಿದರೆ ಎಲ್ಲಿಂದಲೋ ಕಳ್ಳಗಾಳಿ ಒಳಗೆ ಬರುತ್ತಿದೆ. ಐಡ್ಲಿಂಗಿನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆಯಾದ್ದರಿಂದ ಕಳ್ಳಗಾಳಿಯ ಪಾಲು ದೊಡ್ಡದಾಗಿ ಕಾಣುತ್ತದೆ. ಇದಕ್ಕೆ ವಿರುದ್ಧವಾಗಿ, ಐಡ್ಲಿಂಗಿನಲ್ಲಿ ಸರಿಯಾಗಿದ್ದು ಏರಿನಲ್ಲಿ ಹೊರೆ ಬಿದ್ದಂತೆ ಅಂಕಿ ಏರುತ್ತ ಹೋದರೆ, ಪೆಟ್ರೋಲ್ ಸಾಲದಾಗಿದೆ: ಫ್ಯೂಯಲ್ ಪಂಪ್, ಅದರ ಫಿಲ್ಟರ್, ಇಂಜೆಕ್ಟರ್‌ಗಳನ್ನು ನೋಡಬೇಕು. ಎಲ್ಲ ಸ್ಥಿತಿಯಲ್ಲೂ ಒಂದೇ ತೆರನಾಗಿ ಹೆಚ್ಚಿದ್ದರೆ ಸೆನ್ಸರಿನ ಮುಂದಿನ ಎಕ್ಸಾಸ್ಟ್ ಸೋರಿಕೆಯನ್ನೋ ಇಂಧನದ ಒತ್ತಡವನ್ನೋ ಸಂಶಯಿಸಬೇಕು. ಎಥನಾಲ್ ಹೆಚ್ಚು ಬೆರೆತ ಇ20 ಪೆಟ್ರೋಲ್ ಬಳಸುವಾಗ ಟ್ರಿಮ್ ಕೆಲವು ಅಂಕಿಯಷ್ಟು ಮೇಲಕ್ಕೆ ಸರಿಯುವುದು ಸಹಜ. ಎಥನಾಲ್ ಸುಡಲು ಗಾಳಿ ಕಡಿಮೆ ಸಾಕು, ಹಾಗಾಗಿ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕಾಗುತ್ತದೆ. ಅಷ್ಟನ್ನು ದೋಷವೆಂದು ಎಣಿಸಬಾರದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮಲ್ಲಿ ಓಡುವ ಅನೇಕ ಚಿಕ್ಕ ಪೆಟ್ರೋಲ್ ಕಾರುಗಳಲ್ಲಿ ಗಾಳಿಯನ್ನು ನೇರವಾಗಿ ಅಳೆಯುವ ಎಂಎಎಫ್ ಸೆನ್ಸರ್ ಇಲ್ಲ. ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆಯುವ ಎಂಎಪಿ ಸೆನ್ಸರ್ ಇದೆ. ಅಂತಹ ಕಾರಿನಲ್ಲಿ ಕಳ್ಳಗಾಳಿ ಬಂದರೂ ಒತ್ತಡದ ಲೆಕ್ಕದಲ್ಲಿ ಅದು ಸೇರಿಹೋಗುವುದರಿಂದ ಟ್ರಿಮ್ ಅಷ್ಟಾಗಿ ಕೆಡುವುದಿಲ್ಲ, ಬದಲಿಗೆ ಐಡ್ಲಿಂಗ್ ವೇಗ ಏರುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ವಿದೇಶಿ ವೀಡಿಯೊಗಳನ್ನು ನೋಡಿ ಹುಡುಕಿದವರು ದಿನಗಟ್ಟಲೆ ದಾರಿ ತಪ್ಪುತ್ತಾರೆ.

ಕಳ್ಳಗಾಳಿಯ ಜಾಗ ಕಂಡುಹಿಡಿಯಲು ಸ್ಮೋಕ್ ಮೆಷಿನ್ ಇದ್ದರೆ ಉತ್ತಮ. ಇಲ್ಲದಿದ್ದರೆ ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ ಸಂಶಯ ಬಂದ ಜಾಯಿಂಟಿನ ಮೇಲೆ ಸಣ್ಣಗೆ ಸಿಂಪಡಿಸಬಹುದು. ಸೋರುವ ಕಡೆ ಕ್ಷಣಕಾಲ ಎಂಜಿನ್ನಿನ ಸದ್ದು ಬದಲಾಗುತ್ತದೆ. ಕಾಯಿಲ್ ಮತ್ತು ತಂತಿ ಕೂಡಿಸುವ ಕಪ್ಲರ್‌ಗಳ ಮೇಲೆ ನೀರು ಬೀಳಬಾರದು. ಊದುಬತ್ತಿಯ ಹೊಗೆ ಹಿಡಿದು ನೋಡುವ ಅಭ್ಯಾಸ ಕೆಲವರಲ್ಲಿದೆ. ಪೆಟ್ರೋಲ್ ಪೈಪಿನ ಪಕ್ಕ ಕೆಂಡ ಹಿಡಿಯುವುದು ಸರಿಯಲ್ಲ, ದಯವಿಟ್ಟು ಮಾಡಬೇಡಿ.

ಆರನೆಯ ಹಂತ: ಆಕ್ಸಿಜನ್ ಸೆನ್ಸರ್

ಹಳೆಯ ಬಗೆಯ ಸೆನ್ಸರ್ ಕಾದ ಮೇಲೆ 0.1 ಮತ್ತು 0.9 ವೋಲ್ಟ್‌ಗಳ ನಡುವೆ ಚುರುಕಾಗಿ ಏರಿಳಿಯಬೇಕು. ಸ್ಕ್ಯಾನರಿನ ಗ್ರಾಫಿನಲ್ಲಿ ಅದು ಗರಗಸದ ಹಲ್ಲಿನಂತೆ ಕಾಣುತ್ತದೆ. ಏರಿಳಿತ ಸೋಮಾರಿಯಾಗಿದ್ದರೆ ಸೆನ್ಸರ್ ಮುಪ್ಪಾಗಿದೆ. ಒಂದೇ ಕಡೆ ನಿಂತಿದ್ದರೆ ತೀರ್ಮಾನಕ್ಕೆ ಮುನ್ನ ಅದನ್ನು ಮಾತಾಡಿಸಿ ನೋಡಬೇಕು: ಒಮ್ಮೆಲೇ ಆಕ್ಸಿಲರೇಟರ್ ಒತ್ತಿದಾಗ 0.8ರ ಮೇಲೆ ಹೋಗಿ, ಬಿಟ್ಟ ಕೂಡಲೇ 0.2ರ ಕೆಳಗೆ ಇಳಿದರೆ ಸೆನ್ಸರ್ ಜೀವಂತವಾಗಿದೆ, ದೋಷ ಹದದಲ್ಲಿದೆ. ಹೊಸ ಕಾರುಗಳ ವೈಡ್‌ಬ್ಯಾಂಡ್ ಸೆನ್ಸರಿಗೆ ಈ ಅಳತೆ ಅನ್ವಯಿಸುವುದಿಲ್ಲ, ಅಲ್ಲಿ ಗಾಳಿ ಮತ್ತು ಇಂಧನದ ಹದವನ್ನು ಹೇಳುವ ಲ್ಯಾಂಬ್ಡಾ ಬೆಲೆ 1ರ ಹತ್ತಿರ ಇದೆಯೇ ಎಂದು ನೋಡಬೇಕು.

ಪಿ0135 ಮತ್ತು ಪಿ0141 ಸೆನ್ಸರಿನೊಳಗಿನ ಹೀಟರಿಗೆ ಸಂಬಂಧಿಸಿದವು, ಮೊದಲನೆಯದು ಮುಂದಿನದಕ್ಕೆ, ಎರಡನೆಯದು ಹಿಂದಿನದಕ್ಕೆ. ಕಪ್ಲರ್ ಬಿಚ್ಚಿದರೆ ನಾಲ್ಕು ತಂತಿಗಳಲ್ಲಿ ಒಂದೇ ಬಣ್ಣದ ಎರಡು ಸಿಗುತ್ತವೆ, ಅವೇ ಸಾಮಾನ್ಯವಾಗಿ ಹೀಟರಿನವು. ಸೆನ್ಸರ್ ತಣ್ಣಗಿರುವಾಗ ಅವುಗಳ ನಡುವೆ ಮಲ್ಟಿಮೀಟರ್ ಕೆಲವು ಓಮ್ ತೋರಿಸಬೇಕು, ಏನೂ ತೋರಿಸದಿದ್ದರೆ ಹೀಟರ್ ಸುಟ್ಟಿದೆ. ಹೀಟರ್ ಸರಿಯಿದ್ದರೆ ವಾಹನದ ಕಡೆಯ ಕಪ್ಲರಿಗೆ 12 ವೋಲ್ಟ್ ಬರುತ್ತಿದೆಯೇ ಎಂದು ಪರೀಕ್ಷಿಸಬೇಕು. ಫ್ಯೂಸ್ ಹೋಗಿರುವುದೇ ಕಾರಣವಾದರೆ ಸೆನ್ಸರಿಗೆ ಕೈ ಹಾಕುವ ಅಗತ್ಯವೇ ಇಲ್ಲ.

ಕನ್ವರ್ಟರಿನ ವಿಚಾರಣೆ ಕೊನೆಗೆ

ಮೇಲಿನ ಎಲ್ಲವೂ ಸರಿಯಿದ್ದು ಪಿ0420 ಉಳಿದಿದ್ದರೆ ಮಾತ್ರ ಕನ್ವರ್ಟರಿನತ್ತ ತಿರುಗಬೇಕು. ಆರೋಗ್ಯವಾದ ಕನ್ವರ್ಟರ್ ಆಮ್ಲಜನಕವನ್ನು ಹಿಡಿದಿಟ್ಟು ಬಿಡುವುದರಿಂದ ಹಿಂದಿನ ಸೆನ್ಸರಿನ ಗೆರೆ ಹೆಚ್ಚುಕಡಿಮೆ ಸಮನಾಗಿ ನಿಲ್ಲುತ್ತದೆ. ಅದೂ ಮುಂದಿನ ಸೆನ್ಸರಿನಂತೆಯೇ ಗರಗಸವಾಗಿ ಕುಣಿಯುತ್ತಿದ್ದು, ಎಕ್ಸಾಸ್ಟಿನಲ್ಲಿ ಸೋರಿಕೆಯಿಲ್ಲವೆಂದು ಖಚಿತವಾದರೆ, ಕನ್ವರ್ಟರ್ ಸೋತಿದೆ. ಪಿಕಪ್ ಇಲ್ಲದೆ ಗಾಡಿ ಎಳೆಯುವುದೇ ಕಷ್ಟವಾಗಿದ್ದರೆ ಅದು ಕಟ್ಟಿಕೊಂಡಿರಬಹುದು. ಮುಂದಿನ ಸೆನ್ಸರ್ ಬಿಚ್ಚಿ ಆ ರಂಧ್ರಕ್ಕೆ ಒತ್ತಡದ ಗೇಜ್ ಹಾಕಿ ನೋಡಬೇಕು. 2,500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿದರೆ ದಾರಿ ಮುಚ್ಚಿದೆ ಎಂದು ತಿಳಿಯಬಹುದು. ತಣ್ಣಗಿರುವಾಗ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಒಳಗೆ ಗಲಗಲ ಎಂದರೆ ಜೇನುಗೂಡು ಒಡೆದಿದೆ.

ಹೊಸದನ್ನು ಹಾಕುವ ಮುನ್ನ ಹಳೆಯದು ಏಕೆ ಸತ್ತಿತು ಎಂಬ ಉತ್ತರ ಕೈಯಲ್ಲಿರಲೇಬೇಕು. ಮಿಸ್ಸಿಂಗ್, ಎಂಜಿನ್ ಆಯಿಲ್ ಸುಡುವುದು, ಹೆಡ್ ಗ್ಯಾಸ್ಕೆಟ್ ಮೂಲಕ ಕೂಲೆಂಟ್ ಒಳಬರುವುದು, ಇವುಗಳಲ್ಲಿ ಯಾವುದನ್ನೂ ಸರಿಪಡಿಸದೆ ಹೊಸ ಕನ್ವರ್ಟರ್ ಹಾಕಿದರೆ ಅದಕ್ಕೂ ಅದೇ ಗತಿ. ಕನ್ವರ್ಟರನ್ನು ಒಳಗೆ ಒಡೆದು ಖಾಲಿ ಡಬ್ಬಿ ಮಾಡಿಕೊಡುವವರಿದ್ದಾರೆ. ಆ ವಿಷವನ್ನು ಮುಂದಿನ ಸಿಗ್ನಲಿನಲ್ಲಿ ಸ್ಕೂಟರ್ ಮೇಲೆ ನಿಂತ ಮಗು ಉಸಿರಾಡುತ್ತದೆ. ಆ ಕೆಲಸವನ್ನು ನಾವು ಮಾಡುವುದಿಲ್ಲ.

ಪೆಟ್ರೋಲ್ ಆವಿಯ ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಪೆಟ್ರೋಲ್ ಹಾಕಿಸಿದ ಕೂಡಲೇ ಸ್ಟಾರ್ಟ್ ಆಗಲು ತೊಂದರೆ ಕೊಟ್ಟರೆ ಇದ್ದಿಲ ಡಬ್ಬಿಯ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿರುವ ಸಂಭವವಿದೆ. ಅದರ ಹೋಸ್ ಕಿತ್ತು ಐಡ್ಲಿಂಗಿನಲ್ಲಿ ಬೆರಳಿಟ್ಟಾಗ, ತೆರೆಯುವ ಆದೇಶವಿಲ್ಲದಿದ್ದರೂ ಸತತವಾಗಿ ಎಳೆಯುತ್ತಿದ್ದರೆ ವಾಲ್ವ್ ಕೆಟ್ಟಿದೆ. ಬಂಕಿನಲ್ಲಿ ಗನ್ ತಾನಾಗಿ ನಿಂತ ಮೇಲೂ ರೌಂಡ್ ಫಿಗರಿಗಾಗಿ ತುಂಬಿಸುವ ಅಭ್ಯಾಸದಿಂದ ದ್ರವ ಪೆಟ್ರೋಲ್ ಇದ್ದಿಲ ಡಬ್ಬಿಗೆ ನುಗ್ಗಿ ಅದನ್ನು ಹಾಳುಮಾಡುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಅಲ್ಲಿನ ಕಾರುಗಳು ಆವಿಯ ಸಣ್ಣ ಸೋರಿಕೆಯನ್ನೂ ಪರೀಕ್ಷಿಸುವುದರಿಂದ, ಪಿ0442 ಅಥವಾ ಪಿ0455 ಬಂದಾಗ ಮೊದಲು ಟ್ಯಾಂಕಿನ ಮುಚ್ಚಳದ ರಬ್ಬರ್ ನೋಡಿ, ಕ್ಲಿಕ್ ಎನ್ನುವವರೆಗೆ ಬಿಗಿಯಿರಿ.

ಡೀಸೆಲ್ ವಾಹನಗಳು

ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಮಸಿಯನ್ನು ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ತುಂಬಿದ ಮಸಿಯನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಸುಡುವುದಕ್ಕೆ ರೀಜನರೇಷನ್ ಎನ್ನುತ್ತಾರೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಕ್ಕೆ ಐದಾರು ಕಿಲೋಮೀಟರ್ ತೆವಳುವ ಗಾಡಿಯಲ್ಲಿ ಈ ಸುಡುವಿಕೆ ಮುಗಿಯುವುದೇ ಇಲ್ಲ, ಪ್ರತಿಸಲವೂ ಅರ್ಧಕ್ಕೇ ನಿಲ್ಲುತ್ತದೆ. ಆಗ ಸಿಲಿಂಡರಿಗೆ ಹೆಚ್ಚುವರಿಯಾಗಿ ಬಿಟ್ಟ ಡೀಸೆಲ್ ಕೆಳಗಿಳಿದು ಎಂಜಿನ್ ಆಯಿಲಿನಲ್ಲಿ ಬೆರೆಯುತ್ತದೆ. ಗೇಜ್ ಕಡ್ಡಿ ಎಳೆದಾಗ ಆಯಿಲ್ ಮೇಲಿನ ಗುರುತಿಗಿಂತ ಮೇಲಿದ್ದು, ಬೆರಳಿಗೆ ನೀರಾಗಿ ಹತ್ತಿ ಡೀಸೆಲ್ ವಾಸನೆ ಬಂದರೆ ಮೊದಲು ಆಯಿಲ್ ಬದಲಿಸಬೇಕು, ಅದೂ ಡಿಪಿಎಫ್‌ಗೆ ಹೊಂದುವ ಕಡಿಮೆ ಬೂದಿಯ ಆಯಿಲನ್ನೇ ಹಾಕಬೇಕು.

ಡಿಪಿಎಫ್ ಲೈಟ್ ಮಾತ್ರ ಹೊತ್ತಿದ್ದರೆ ಕೈಪಿಡಿಯಲ್ಲಿ ಹೇಳಿರುವಂತೆ ಹೆದ್ದಾರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ, 60 ಕಿಲೋಮೀಟರಿಗಿಂತ ಮೇಲೆ, ಎಂಜಿನ್ 2,000 ಆರ್‌ಪಿಎಂ ದಾಟಿರುವಂತೆ ಓಡಿಸಿದರೆ ಸಾಮಾನ್ಯವಾಗಿ ಆರುತ್ತದೆ. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಯನ್ನು ರಸ್ತೆಯ ಮೇಲೇ ಹರಡುವ ಊರುಗಳಲ್ಲಿ, ಅಂತಹ ಓಟದ ನಡುವೆ ಹುಲ್ಲಿನ ಮೇಲೆ ಗಾಡಿ ಹತ್ತಿಸುವುದಾಗಲಿ ನಿಲ್ಲಿಸುವುದಾಗಲಿ ಅಪಾಯಕರ. ಅಡಿಗೆ ಸಿಕ್ಕ ಹುಲ್ಲು ಕಾದ ಪೈಪಿಗೆ ತಗುಲಿ ಬೆಂಕಿ ಹತ್ತಬಹುದು.

ಎಂಜಿನ್ ಲೈಟೂ ಹೊತ್ತಿ ಪಿ2463 ಬಂದಿದ್ದರೆ ಮಸಿ ಮಿತಿಮೀರಿದೆ ಎಂದು ಅರ್ಥ. ಇಲ್ಲಿಯೂ ಫಿಲ್ಟರನ್ನು ದೂಷಿಸುವ ಮುನ್ನ, ಅದರ ಹಿಂದುಮುಂದಿನ ಒತ್ತಡವನ್ನು ಸೆನ್ಸರಿಗೆ ಒಯ್ಯುವ ಎರಡು ಸಣ್ಣ ರಬ್ಬರ್ ಪೈಪುಗಳನ್ನು ಕಿತ್ತು ಊದಿ ನೋಡಬೇಕು. ಕಟ್ಟಿಕೊಂಡ ಅಥವಾ ಸೀಳಿದ ಪೈಪು ಸುಳ್ಳು ಲೆಕ್ಕ ಕೊಡುತ್ತದೆ. ಎಂಜಿನ್ ನಿಂತಿದ್ದು ಕೀ ಮಾತ್ರ ಆನ್ ಇರುವಾಗ ಆ ಸೆನ್ಸರ್ ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಸೆನ್ಸರೇ ತಪ್ಪು. ಇಂಜೆಕ್ಟರ್ ಸೋರಿಕೆ, ಟರ್ಬೊ ಹೋಸಿನ ಬಿರುಕು, ಮಸಿ ಹಿಡಿದು ತೆರೆದೇ ಉಳಿದ ಇಜಿಆರ್, ಇವು ಮೂರೂ ಮಸಿ ಹೆಚ್ಚಿಸುವ ಮೂಲಗಳು. ಇಜಿಆರ್ ಮುಚ್ಚಿಯೇ ಉಳಿದಿದ್ದರೆ ಪಿ0401 ಬರುತ್ತದೆ; ಬಿಚ್ಚಿ ಕ್ಲೀನರ್ ಹಾಕಿ ಮಸಿ ತೆಗೆದರೆ ಬಹಳಷ್ಟು ಸಲ ಅದೇ ವಾಲ್ವ್ ಮತ್ತೆ ಕೆಲಸ ಮಾಡುತ್ತದೆ.

ಲಾರಿ ಮತ್ತು ದೊಡ್ಡ ಕಾರುಗಳಲ್ಲಿ ಹೊಗೆಯ ನೈಟ್ರೋಜನ್ ಆಕ್ಸೈಡ್ ತಗ್ಗಿಸಲು ಬಳಸುವ ಡಿಇಎಫ್ ದ್ರಾವಣದಲ್ಲಿ ಶೇಕಡಾ 32.5ರಷ್ಟು ಶುದ್ಧ ಯೂರಿಯಾ ಇರುತ್ತದೆ, ಉಳಿದದ್ದು ಖನಿಜಾಂಶ ತೆಗೆದ ನೀರು. ಹೊಲಕ್ಕೆ ಹಾಕುವ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪವಿರುತ್ತದೆ. ಅದನ್ನು ಬೋರ್‌ವೆಲ್ ನೀರಿನಲ್ಲಿ ಕದಡಿ ಹಾಕಿದರೆ ನಳಿಕೆ ಕಟ್ಟಿ, ಕ್ಯಾಟಲಿಸ್ಟ್ ಕೆಟ್ಟು, ಉಳಿಸಿದ ದುಡ್ಡಿನ ಹಲವು ಪಟ್ಟು ಕಳೆಯಬೇಕಾಗುತ್ತದೆ. ಡಿಇಎಫ್ ಕೋಡ್ ಬಂದ ಲಾರಿಯಲ್ಲಿ ಮೊದಲ ಪರೀಕ್ಷೆ ಟ್ಯಾಂಕಿನ ದ್ರವದ್ದೇ ಆಗಬೇಕು: ತಿಳಿಯಾಗಿದೆಯೇ, ಎಣ್ಣೆಯ ಪಸೆ ಇದೆಯೇ, ರಿಫ್ರಾಕ್ಟೋಮೀಟರ್ ಎಂಬ ಉಪಕರಣದಲ್ಲಿ ನೋಡಿದಾಗ ಯೂರಿಯಾದ ಪ್ರಮಾಣ ಸರಿಯಿದೆಯೇ?

ಎಮಿಷನ್ ಟೆಸ್ಟ್ ಚೀಟಿಯನ್ನು ಓದುವುದು

ಎಮಿಷನ್ ಟೆಸ್ಟ್ ಚೀಟಿಯನ್ನು ಪೊಲೀಸರಿಗೆ ತೋರಿಸಲು ಮಾತ್ರ ಇಟ್ಟುಕೊಳ್ಳುವವರೇ ಹೆಚ್ಚು, ಆದರೆ ಅದರಲ್ಲಿ ರೋಗದ ಲಕ್ಷಣವೂ ಬರೆದಿರುತ್ತದೆ. ಬಿಎಸ್4 ಮತ್ತು ಬಿಎಸ್6 ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇಕಡಾ 0.3, ಹೈಡ್ರೋಕಾರ್ಬನ್ ಮಿತಿ 200 ಪಿಪಿಎಂ. ಸುಮಾರು 2,500 ಆರ್‌ಪಿಎಂನಲ್ಲಿ ಕಾರ್ಬನ್ ಮಾನಾಕ್ಸೈಡ್ 0.2ರೊಳಗೂ, ಲ್ಯಾಂಬ್ಡಾ 0.97 ಮತ್ತು 1.03ರ ನಡುವೆಯೂ ಇರಬೇಕು. ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ ಮಿಸ್ಸಿಂಗ್, ಕಾರ್ಬನ್ ಮಾನಾಕ್ಸೈಡ್ ಏರಿ ಲ್ಯಾಂಬ್ಡಾ ಒಂದಕ್ಕಿಂತ ಇಳಿದಿದ್ದರೆ ಪೆಟ್ರೋಲ್ ಜಾಸ್ತಿ, ಲ್ಯಾಂಬ್ಡಾ ಸರಿಯಿದ್ದೂ ಎರಡು ಅನಿಲಗಳೂ ಏರಿದ್ದರೆ ಕನ್ವರ್ಟರ್ ಕಡೆ ಬೆರಳು ತೋರುತ್ತದೆ. ಮಿತಿಯೊಳಗೇ ಇದ್ದರೂ ಕಳೆದ ವರ್ಷ 30 ಇದ್ದ ಅಂಕಿ ಈ ವರ್ಷ 150 ಆಗಿದ್ದರೆ ಕಾಯುವುದು ಬೇಡ. ಟೆಸ್ಟಿಗೆ ಹೋಗುವ ಮುನ್ನ ಗಾಡಿಯನ್ನು ಹತ್ತು ಹದಿನೈದು ನಿಮಿಷವಾದರೂ ಓಡಿಸಿರಬೇಕು, ತಣ್ಣಗಿನ ಕನ್ವರ್ಟರಿನ ಅಂಕಿಗೆ ಅರ್ಥವಿಲ್ಲ.

ಕೊನೆಯ ಹಂತ: ರಿಪೇರಿ ಸರಿಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವುದು

ಕಾರಣ ಸಿಕ್ಕು ಸರಿಪಡಿಸಿದ ನಂತರವೇ ಕೋಡ್ ಅಳಿಸಬೇಕು. ಅಳಿಸಿದಾಗ ಕಂಪ್ಯೂಟರಿನ ಸ್ವಯಂಪರೀಕ್ಷೆಗಳೂ ಮೊದಲ ಸ್ಥಿತಿಗೆ ಹೋಗುತ್ತವೆ; ಅವು ಮತ್ತೆ ಪೂರ್ತಿಯಾಗಲು ರಾತ್ರಿಯಿಡೀ ತಣಿದ ಎಂಜಿನ್ನಿನಿಂದ ಹೊರಟು, ಊರೊಳಗೆ ನಿಂತು ನಿಂತು ಸಾಗಿ, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಬೇಕಾಗುತ್ತದೆ. ನಾವು ಗಾಡಿಯನ್ನು ಮಾಲೀಕರಿಗೆ ಕೊಟ್ಟು, ಮೂರು ನಾಲ್ಕು ದಿನ ಓಡಿಸಿ ಮರಳಿ ತರಲು ಹೇಳುತ್ತೇವೆ. ಆಗ ಲೈಟ್ ಆರಿದೆ ಎಂಬುದನ್ನಷ್ಟೇ ನೋಡದೆ, ಆ ಸ್ವಯಂಪರೀಕ್ಷೆಗಳ ರೆಡಿನೆಸ್ ಪಟ್ಟಿಯಲ್ಲಿ ಕ್ಯಾಟಲಿಸ್ಟ್ ಮತ್ತು ಆಕ್ಸಿಜನ್ ಸೆನ್ಸರಿನ ಪರೀಕ್ಷೆಗಳು ಮುಗಿದಿವೆಯೇ, ಪೆಂಡಿಂಗ್ ಕೋಡ್ ಏನಾದರೂ ಮೂಡಿದೆಯೇ ಎಂದು ಓದಬೇಕು. ಬಳಿಕ ಮೊದಲ ದಿನ ಬರೆದಿಟ್ಟ ಚೀಟಿಯನ್ನು ತೆಗೆದು, ಐಡ್ಲಿಂಗಿನಲ್ಲಿ, 2,500 ಆರ್‌ಪಿಎಂನಲ್ಲಿ ಮತ್ತು ಏರಿನಲ್ಲಿ ಟ್ರಿಮ್ ಅಂಕಿಗಳು ಈಗ ಎಲ್ಲಿ ನಿಂತಿವೆ ಎಂದು ಅದರ ಪಕ್ಕದಲ್ಲೇ ಬರೆದು, ಆ ಚೀಟಿಯನ್ನು ಗಾಡಿಯ ಕಾಗದಪತ್ರಗಳ ಜೊತೆ ಮಾಲೀಕರ ಕೈಗೆ ಕೊಡಬೇಕು.